ರೆಡಿ ಟು ಯೂಸ್

ಮೊದಲು ಆ ಪೋಸ್ಟನ್ನೇ ಓದಿಬಿಡೋಣ. 2025ರ ಜುಲೈ 15ರಂದು, ದೇವನಹಳ್ಳಿ ತಾಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುತ್ತೇವೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಅದರ ಬೆನ್ನಿಗೇ ಆಂಧ್ರದ ಐಟಿ ಸಚಿವ ನಾರಾ ಲೋಕೇಶ್ ಎಕ್ಸ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದರ ಸಾರ ಇಷ್ಟು: ಪ್ರಿಯ ಏರೋಸ್ಪೇಸ್ ಉದ್ಯಮವೇ, ವಿಷಯ ಕೇಳಿ ಬೇಸರವಾಯಿತು. ನನ್ನ ಹತ್ತಿರ ಇನ್ನೂ ಒಳ್ಳೆಯ ಐಡಿಯಾ ಇದೆ, ಆಂಧ್ರದ ಕಡೆ ಯಾಕೆ ನೋಡಬಾರದು? ಚೆನ್ನಾಗಿರೋ ಏರೋಸ್ಪೇಸ್ ನೀತಿ ಇದೆ, ಪ್ರೋತ್ಸಾಹಕಗಳಿವೆ, 8,000 ಎಕರೆಗೂ ಮೀರಿ 'ರೆಡಿ-ಟು-ಯೂಸ್' ಭೂಮಿ ಇದೆ (ಬೆಂಗಳೂರಿನ ಹೊರಗೇ!). ಬೇಗ ಭೇಟಿಯಾಗಿ ಮಾತಾಡೋಣ.

ಪುಸ್ತಕ ವಿಮರ್ಶೆ ಮಾಡೋರು ಇಂಥ ಬರಹಗಳನ್ನು ಮುಟ್ಟಲ್ಲ. ಆದರೆ ನೀವೂ ನಾನೂ ವರ್ಷಕ್ಕೆ ಓದೋ ಪುಸ್ತಕ ನಾಲ್ಕಾದರೆ, ದಿನಕ್ಕೆ ಓದೋ ಪೋಸ್ಟು ನಾನೂರು. ನಮ್ಮಲ್ಲಿ ಕೆಲವರು ಸಂಬಳ ತಗೊಂಡು ಇಂಥವನ್ನು ಬರೀತಾರೆ ಕೂಡ. ಹಾಗಾಗಿ ಇದನ್ನೂ ಒಂದು ಸಾಹಿತ್ಯ ಪ್ರಕಾರ ಅಂತ ತಿಳಿದು, ಸಾಲು ಸಾಲಾಗಿ ಓದಿ ನೋಡೋದರಲ್ಲಿ ತಪ್ಪೇನಿಲ್ಲ.

ಜಾಹೀರಾತು ಅಂತ ನೋಡಿದರೆ ಇದಕ್ಕೆ ಹತ್ತಕ್ಕೆ ಹತ್ತು ಕೊಡಬೇಕು. ಒಂದು ಪದ ಹೆಚ್ಚಿಲ್ಲ. ಸಮಯ ನೋಡಿ ಹೊಡೆದಿದ್ದಾರೆ. ಸಚಿವರ ಭಾಷೆ ಇಲ್ಲ, 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಇಲ್ಲ, ಪಕ್ಕದ ಟೇಬಲ್ಲಿನ ಗೆಳೆಯ ಕಾಫಿ ಹೀರ್ತಾ ಹೇಳಿದ ಹಾಗಿದೆ. ನಮ್ಮ ಆಫೀಸಿನ ಕಮ್ಯುನಿಕೇಶನ್ಸ್ ಟೀಮಿನ ಹುಡುಗಿಯೊಬ್ಬಳು ಇದನ್ನು ಸ್ಲೈಡಿಗೆ ಹಾಕಿ 'ನ್ಯೂಸ್‌ಜ್ಯಾಕಿಂಗ್ ಅಂದ್ರೆ ಇದು' ಅಂತ ತೋರಿಸಿದಳು. ಅಂದ್ರೆ, ಬೇರೆ ಯಾರದೋ ಸುದ್ದಿಯ ಬೆನ್ನೇರಿ ನಮ್ಮ ಸರಕು ಮಾರೋದು. ಅವಳು ಹೇಳಿದ್ದು ಸರಿ.

ಈಗ ಎರಡನೇ ಸಲ ಓದಿ. 'ವಿಷಯ ಕೇಳಿ ಬೇಸರವಾಯಿತು.' ಯಾವ ವಿಷಯ? ಚನ್ನರಾಯಪಟ್ಟಣ, ಪಾಳ್ಯ, ಹರಳೂರು, ಪೋಲನಹಳ್ಳಿ, ಚೀಮಾಚನಹಳ್ಳಿ ಹೀಗೆ 13 ಹಳ್ಳಿಗಳ ಜನ 2022ರ ಏಪ್ರಿಲ್ 4ರಿಂದ ಧರಣಿ ಕೂತಿದ್ದರು. ಮುಖ್ಯಮಂತ್ರಿಗಳ ಘೋಷಣೆ ಬಂದದ್ದು 1,198ನೇ ದಿನಕ್ಕೆ. ದ್ರಾಕ್ಷಿ, ರೇಷ್ಮೆ, ತರಕಾರಿ, ಹಾಲು ಅಂತ ಬೆಂಗಳೂರಿಗೆ ದಿನಾ ಕಳಿಸೋ ಊರುಗಳು ಇವು. ನಾವು ಬ್ಲಿಂಕಿಟ್‌ನಲ್ಲಿ ಒತ್ತೋ ಕೊತ್ತಂಬರಿ ಇಂಥ ಊರುಗಳಿಂದಲೇ ಬರೋದು. ಅಲ್ಲಿನ ಜನ ಆ ದಿನ ಸಿಹಿ ಹಂಚಿಕೊಂಡ ಸುದ್ದಿಯೇ ಈ ಪೋಸ್ಟಿನಲ್ಲಿ ಸೂತಕದ ಸುದ್ದಿ. ಸಂತಾಪ ಸೂಚನೆ ಯಾರಿಗೆ ಅಂತ ನೋಡಿದರೆ ಪೋಸ್ಟಿನ ಓದುಗ ಯಾರು ಅಂತ ಗೊತ್ತಾಗುತ್ತೆ. ರೈತರು ಈ ಬರಹದಲ್ಲಿ ಖಳನಾಯಕರೂ ಅಲ್ಲ. ಇಲ್ಲವೇ ಇಲ್ಲ. ಖಳರಾಗಿದ್ದರೆ ಹೆಸರಾದರೂ ಬರುತ್ತಿತ್ತು.

ಇನ್ನು ಆ ಮೂರು ಪದ, ರೆಡಿ ಟು ಯೂಸ್. ನಮ್ಮೂರು ದೊಡ್ಡಬಳ್ಳಾಪುರ ತಾಲೂಕಿನಲ್ಲಿ. ಆ ವಾರ ಊರಿಗೆ ಹೋಗಿದ್ದಾಗ ಚಿಕ್ಕಪ್ಪನಿಗೆ ಈ ಪೋಸ್ಟ್ ಓದಿ ಹೇಳಿದೆ. 'ರೆಡಿ ಅಂದ್ರೆ ಏನ್ಲಾ? ಹದ ಆಗೈತಾ?' ಅಂದರು. ಬೇಸಾಯದೋನಿಗೆ ಬಳಸೋಕೆ ಸಿದ್ಧವಾದ ಭೂಮಿ ಅಂದ್ರೆ ಅದೇ ತಾನೆ: ಮಳೆ ಬಿದ್ದು, ಉತ್ತು, ಹರಗಿ, ಗೊಬ್ಬರ ಚೆಲ್ಲಿ, ಬಿತ್ತೋಕೆ ಹದವಾಗಿ ನಿಂತ ಹೊಲ. 'ಅಲ್ಲ ಚಿಕ್ಕಪ್ಪ, ಯಾರ ತಕರಾರೂ ಇಲ್ದೆ, ಕಾಂಪೌಂಡ್ ಹಾಕ್ಕೊಂಡು ಕಟ್ಟಡ ಎಬ್ಬಿಸಬಹುದು ಅಂತ' ಅಂದೆ. 'ಅಂಗಾದ್ರೆ ರೆಡಿ ಅನ್ಬಾರ್ದು, ಖಾಲಿ ಅನ್ಬೇಕು' ಅಂದರು ಅವರು, ಎಮ್ಮೆಗೆ ಹುಲ್ಲು ಹಾಕ್ತಾನೇ. ಯಾವ ಕಾಪಿರೈಟರೂ ಮಾಡದ ಎಡಿಟಿಂಗ್ ಅದು. 'ಖಾಲಿ' ಅಂತ ಬರೆದರೆ ಓದಿದವನು ತಕ್ಷಣ ಕೇಳ್ತಾನೆ, ಯಾರು ಖಾಲಿ ಮಾಡಿದ್ರು, ಯಾವಾಗ? 'ರೆಡಿ' ಅಂತ ಬರೆದರೆ ಆ ಪ್ರಶ್ನೆ ಏಳಲ್ಲ.

ನಮ್ಮ ಸಾಫ್ಟ್‌ವೇರಿನಲ್ಲೂ ಇಂಥದೊಂದು ಪದ ಇದೆ, ಗ್ರೀನ್‌ಫೀಲ್ಡ್ ಪ್ರಾಜೆಕ್ಟ್. ಹಳೇ ಕೋಡಿನ ತಂಟೆ ಇಲ್ಲ, ಮೊದಲಿಂದ ಬರೀಬಹುದು ಅಂತ ಅರ್ಥ; ಸಿಕ್ಕಿದರೆ ಎಲ್ಲರಿಗೂ ಖುಷಿ. ಕಾರ್ಖಾನೆಯವರೂ ಇದೇ ಪದ ಬಳಸ್ತಾರೆ. ದೇವನಹಳ್ಳಿ ಕಡೆ ಹೋದಾಗ ಆ ಪದ ಒಂಥರಾ ವಿಚಿತ್ರವಾಗಿ ಕೇಳಿಸುತ್ತೆ. ಫೀಲ್ಡು ನಿಜವಾಗ್ಲೂ ಗ್ರೀನಾಗಿರುತ್ತೆ.

ಕರ್ನಾಟಕದ ಉತ್ತರ ಏನಾಗಿತ್ತು? ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು ಎಕ್ಸ್‌ನಲ್ಲೇ ತಿರುಗೇಟು ಕೊಟ್ಟರು: ನಾವು ಬರೀ ಭೂಮಿ ಕೊಡ್ತಿಲ್ಲ, ದೇಶದ ಮೊದಲನೇ ದರ್ಜೆಯ ಏರೋಸ್ಪೇಸ್ ಪರಿಸರವನ್ನೇ ಕೊಡ್ತಿದ್ದೀವಿ ಅನ್ನೋದು ಅದರ ತಿರುಳು. ಸುಳ್ಳೇನಲ್ಲ. ಎಚ್‌ಎಎಲ್ ಇಲ್ಲಿ 1940ರಿಂದ ಇದೆ, ಅದನ್ನು ಯಾವ ಪೋಸ್ಟಿನಿಂದಲೂ ಎತ್ತಿಕೊಂಡು ಹೋಗೋಕಾಗಲ್ಲ. ಟ್ವಿಟರ್ ಕಾಳಗದಲ್ಲಿ ನಮ್ಮವರು ಗೆದ್ದರು ಅಂತ ನಾವೂ ಲೈಕ್ ಒತ್ತಿದೆವು. ಆದರೆ ಗಮನಿಸಿ, ಉತ್ತರವನ್ನೂ ಬರೆದದ್ದು ಅದೇ ಓದುಗನಿಗೆ. ಹೆಣ್ಣು ನೋಡೋಕೆ ಬಂದ ಗಂಡಿನ ಕಡೆಯವರ ಎದುರು ಎರಡು ಮನೆಯವರು ನಿಂತು 'ನಮ್ಮನೆ ಹುಡುಗಿ ಚೆನ್ನಾಗಿದಾಳೆ' ಅಂತ ಜಗಳ ಆಡಿದ ಹಾಗೆ. ಹುಡುಗಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಂದೇ ಉತ್ತರ ಬರ್ತಿತ್ತು ಅಂತಲೂ ನಾನು ಹೇಳ್ತಿಲ್ಲ. ಒಳ್ಳೆ ಬೆಲೆ ಬಂದ್ರೆ ಕೊಡ್ತೀವಿ ಅನ್ನೋ ರೈತರೂ ಆ ಹಳ್ಳಿಗಳಲ್ಲಿ ಇದ್ದರು. ಇಷ್ಟ ಇದ್ದು ಕೊಡೋರಿಂದ ಹೆಚ್ಚು ಬೆಲೆಗೆ ತಗೋತೀವಿ ಅಂತ ಮುಖ್ಯಮಂತ್ರಿಗಳೂ ಅದೇ ದಿನ ಹೇಳಿದ್ದರು. ಅವರ ಮಾತೂ ಈ ಪೋಸ್ಟುಗಳಲ್ಲಿ ಇಲ್ಲ, ಇವರ ಮಾತೂ ಇಲ್ಲ.

ಇದು ಮನುಷ್ಯರ ಒಳ್ಳೆತನ ಕೆಟ್ಟತನದ ಪ್ರಶ್ನೆ ಅಂತ ನನಗೆ ಅನಿಸಲ್ಲ. ತಿರುಗಿ ಕೇಳೋರು ಯಾರು ಅನ್ನೋದರ ಪ್ರಶ್ನೆ. ಅದಕ್ಕೆ ಎರಡು ವರ್ಷ ಹಿಂದಕ್ಕೆ ಹೋಗಬೇಕು, ಜಾಗ ಅದೇ ದೇವನಹಳ್ಳಿ.

2023ರ ಮಾರ್ಚ್ 3. ಫಾಕ್ಸ್‌ಕಾನ್ ಅಧ್ಯಕ್ಷ ಯಂಗ್ ಲಿಯು ಬೆಂಗಳೂರಿಗೆ ಬಂದಿದ್ದರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಟ್ವೀಟ್ ಮಾಡಿದರು: ರಾಜ್ಯದಲ್ಲಿ ಸದ್ಯದಲ್ಲೇ ಆಪಲ್ ಫೋನ್ ತಯಾರಾಗುತ್ತೆ, ಸುಮಾರು 1 ಲಕ್ಷ ಉದ್ಯೋಗ ಸೃಷ್ಟಿಯಾಗುತ್ತೆ. ಅದರ ಹಿಂದಿನ ದಿನ ಹೈದರಾಬಾದಿನಲ್ಲೂ ಅದೇ ಅಧ್ಯಕ್ಷರು, ಅಲ್ಲೂ ಒಂದು ಲಕ್ಷದ್ದೇ ಲೆಕ್ಕ. ಈ ಲಕ್ಷ ಅನ್ನೋದು ಮದುವೆ ಊಟಕ್ಕೆ ಬರೋರ ಲೆಕ್ಕದ ಥರ, ಹೇಳೋಕೆ ಸುಲಭ, ಎಣಿಸೋಕೆ ಯಾರೂ ಕೂರಲ್ಲ. ನಮ್ಮೂರ ವಾಟ್ಸಾಪ್ ಗುಂಪುಗಳಲ್ಲಿ ಆ ಸಂಜೆ ಬಂದದ್ದು ಒಂದೇ ಪ್ರಶ್ನೆ, ಐಟಿಐ ಆದೋರಿಗೂ ಕೆಲಸ ಸಿಗುತ್ತಾ?

ಮಾರನೇ ದಿನ ಫಾಕ್ಸ್‌ಕಾನ್ ಒಂದು ಹೇಳಿಕೆ ಕೊಟ್ಟಿತು. ಈ ಭೇಟಿಯಲ್ಲಿ ಹೊಸ ಹೂಡಿಕೆಗೆ ಸಂಬಂಧಿಸಿದ ಬದ್ಧ, ಅಂತಿಮ ಒಪ್ಪಂದ ಯಾವುದನ್ನೂ ಮಾಡಿಕೊಂಡಿಲ್ಲ ಅಂತ. ಒಣ ವಾಕ್ಯ, ಒಂದು ವಿಶೇಷಣವೂ ಇಲ್ಲ. ಆದರೆ ಎರಡು ಬರಹಗಳಲ್ಲಿ ನಂಬಬಹುದಾದದ್ದು ಅದೇ. ಯಾಕಂದ್ರೆ ಆ ಕಂಪನಿಯ ಷೇರು ತೈವಾನಿನಲ್ಲಿ ವಹಿವಾಟಾಗುತ್ತೆ. ಇಲ್ಲದ ಒಪ್ಪಂದ ಇದೆ ಅಂತ ಸುಮ್ಮನಿದ್ದರೆ ಕೇಳೋಕೆ ಹೂಡಿಕೆದಾರರಿದ್ದಾರೆ, ಕೇಳೋ ಹಕ್ಕಿರೋ ನಿಯಂತ್ರಕರಿದ್ದಾರೆ.

ಎರಡು ತಿಂಗಳಾದ ಮೇಲೆ, ನಾವೆಲ್ಲ ವಿಧಾನಸಭೆ ಚುನಾವಣೆ ಗದ್ದಲದಲ್ಲಿದ್ದಾಗ, ದೇವನಹಳ್ಳಿಯಲ್ಲಿ ಜಮೀನು ಕೊಂಡಿದ್ದನ್ನು ಅದೇ ಕಂಪನಿ ತಿಳಿಸಿತು. ಎಲ್ಲಿ ಅಂದುಕೊಂಡ್ರಿ? ಲಂಡನ್ ಷೇರುಪೇಟೆಗೆ. ವಿಸ್ತೀರ್ಣ 1.3 ಕೋಟಿ ಚದರಡಿ, ಬೆಲೆ ಸುಮಾರು 300 ಕೋಟಿ ರೂಪಾಯಿ. ಒಂದು ಎಕರೆಗೆ 43,560 ಚದರಡಿ, ಭಾಗಿಸಿ ನೋಡಿದೆ, ಹೆಚ್ಚುಕಡಿಮೆ 298 ಎಕರೆ. ಎಕರೆಗೆ ಒಂದು ಕೋಟಿ. ಪಕ್ಕದ ಹೊಲದ ಬೆಲೆ ಎಷ್ಟು ಅಂತ ತಿಳ್ಕೊಳ್ಳೋಕೆ ಕಟ್ಟೆ ಮೇಲೆ ದಿನಗಟ್ಟಲೆ ವಿಚಾರಿಸೋ ನಮ್ಮ ಕಡೆಯ ಜನಕ್ಕೆ, ನಿಖರವಾದ ಅಂಕಿ ಸಿಕ್ಕಿದ್ದು ಥೇಮ್ಸ್ ನದಿ ದಂಡೆಯಿಂದ, ಅದೂ ಚದರಡಿಯಲ್ಲಿ. ಅಲ್ಲಿಗೆ ಎಕರೆ ಗುಂಟೆ ಲೆಕ್ಕ ಬೇಕಿರಲಿಲ್ಲ.

ಇನ್ನೊಂದು ಉದಾಹರಣೆಗೆ ಹೊಸಕೋಟೆ ದಾಟಿ ಕೋಲಾರದ ರಸ್ತೆ ಹಿಡೀಬೇಕು. ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗಿನ ಜಾವ ಸಂಬಳದ ವಿಷಯಕ್ಕೆ ಕಾರ್ಮಿಕರ ಸಿಟ್ಟು ಒಡೆದು ಗಾಜು, ಗಾಡಿ, ಯಂತ್ರ ಪುಡಿಯಾದವು. ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ ಅಂತಿತ್ತು. ಕೆಲವೇ ದಿನದಲ್ಲಿ ತೈವಾನ್ ಷೇರುಪೇಟೆಗೆ ಕಂಪನಿ ತಿಳಿಸಿದ್ದು 10ರಿಂದ 20 ಕೋಟಿ ತೈವಾನ್ ಡಾಲರ್, ಅಂದರೆ ಸುಮಾರು 26ರಿಂದ 52 ಕೋಟಿ ರೂಪಾಯಿ. ಘಟನೆ ಒಂದೇ, ಕಾರ್ಖಾನೆ ಒಂದೇ, ಒಡೆದ ಗಾಜೂ ಅಷ್ಟೇ. ಅಂಕಿ ಮಾತ್ರ ಓದೋರನ್ನು ನೋಡಿ ಬದಲಾಯಿತು. ನಮ್ಮ ಟಿವಿ, ಫೇಸ್‌ಬುಕ್ಕಿನಲ್ಲಿ ಓಡಿದ್ದು 437. 'ಐಫೋನ್ ಕದ್ದರು' ಅನ್ನೋ ವಿಡಿಯೋ, 'ಇಂಥೋರಿಂದಲೇ ಚೀನಾ ಬಿಟ್ಟು ಯಾರೂ ಬರಲ್ಲ' ಅನ್ನೋ ಲಿಂಕ್ಡ್‌ಇನ್ ಉಪದೇಶ, ಎಲ್ಲ ಆ ಅಂಕಿಯ ಮೇಲೇ ನಿಂತವು. ಆಮೇಲೆ ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಕೊಟ್ಟಿರಲಿಲ್ಲ ಅಂತ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡ್ತಿದ್ದ ಹಿರಿಯ ಅಧಿಕಾರಿಯನ್ನು ತೆಗೆಯಿತು. ಹಾಜರಿ ದಾಖಲಿಸೋ ವ್ಯವಸ್ಥೆಯೇ ನೆಟ್ಟಗಿರಲಿಲ್ಲ ಅನ್ನೋದು ಕಾರ್ಖಾನೆಗಳ ಇಲಾಖೆಯ ಪರಿಶೀಲನೆಯಲ್ಲಿ ಬಂತು. ಸಾಫ್ಟ್‌ವೇರಿನವನಾಗಿ ನನಗೆ ಇಡೀ ಕತೆಯಲ್ಲಿ ಹೆಚ್ಚು ಚುಚ್ಚಿದ್ದು ಆ ಕೊನೇ ಸಾಲು. ಅದನ್ನು ಯಾರೂ ಶೇರ್ ಮಾಡಲಿಲ್ಲ.

ಹಾಗಾದರೆ ಹಳ್ಳಿಯವರಿಗೆ ಈ ಭಾಷೆ ಬರಲ್ಲ, ಅವರಿಗೆ ಯಾರಾದರೂ ಹೇಳಿಕೊಡಬೇಕು ಅಂತ ಅನ್ಕೋಬೇಡಿ. ಅವರ ಹತ್ತಿರ ಬೇರೆ ಭಾಷೆ ಇದೆ, ಇದಕ್ಕಿಂತ ಬಿಗಿಯಾದದ್ದು. ದೇವನಹಳ್ಳಿ, ದೊಡ್ಡಬಳ್ಳಾಪುರದ ಯಾವ ಟೀ ಅಂಗಡಿಗೆ ಹೋದರೂ 'ಟ್ವೆಂಟಿ ಏಟ್ ಒನ್ ಆಗೈತೆ, ಟ್ವೆಂಟಿ ಏಟ್ ಫೋರ್ ಇನ್ನೂ ಆಗಿಲ್ಲ' ಅನ್ನೋ ಮಾತು ಕಿವಿಗೆ ಬೀಳುತ್ತೆ. ಕೆಐಎಡಿಬಿ ಕಾಯ್ದೆ 1966ರ 28(1) ಅಂದ್ರೆ ಪ್ರಾಥಮಿಕ ಅಧಿಸೂಚನೆ, 28(4) ಅಂದ್ರೆ ಅಂತಿಮ ಅಧಿಸೂಚನೆ. ಮೊದಲನೆಯದು ಆದಮೇಲೆ ಹೊಲ ನಿಮ್ಮದೇ, ಆದರೆ ಬ್ಯಾಂಕು ಸಾಲ ಕೊಡೋಕೆ ಹಿಂದೆಮುಂದೆ ನೋಡುತ್ತೆ, ಮಾರೋಣ ಅಂದ್ರೆ ಕೊಳ್ಳೋರು ಬರಲ್ಲ. ಎರಡನೆಯದಾದರೆ ಹೊಲ ಸರ್ಕಾರದ್ದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಮ್ಮ ದೊಡ್ಡಪ್ಪನಿಗೆ ಈ ಎರಡು ಕಲಮುಗಳ ನಡುವಿನ ಅಂತರ ಗೊತ್ತು. ನನ್ನ ಟೀಮಿನ ಹನ್ನೊಂದು ಜನರಲ್ಲಿ ಒಬ್ಬನಿಗೂ ಗೊತ್ತಿಲ್ಲ, ಅದರಲ್ಲಿ ನಾಲ್ಕು ಜನ ಏರ್‌ಪೋರ್ಟ್ ರೋಡಿನಲ್ಲಿ ಸೈಟು ಕೊಂಡೋರು.

ಸೈಟು ಅಂದಾಗ ನೆನಪಾಯ್ತು. ಲೇಔಟಿನವರ ಸ್ಟೇಟಸ್ಸು, ರೀಲ್ಸು ಈ ಪ್ರಕಾರದ ಜಾನಪದ ಶಾಖೆ. 'ಏರ್‌ಪೋರ್ಟಿಗೆ 15 ನಿಮಿಷ' ಅಂತ ನಂದಿ ಬೆಟ್ಟದ ಬುಡದಲ್ಲಿ ಬೋರ್ಡಿರುತ್ತೆ, ವಿಜಯಪುರದ ಹತ್ತಿರವೂ ಇರುತ್ತೆ, ನಮ್ಮೂರ ಕೆರೆ ಏರಿ ಮೇಲೂ ಇದೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಅದು ಎಲ್ಲರಿಗೂ 15 ನಿಮಿಷ ದೂರದಲ್ಲೇ ಇದೆ.

ಮತ್ತೆ ವಿಷಯಕ್ಕೆ ಬರ್ತೀನಿ. ಸೋಷಿಯಲ್ ಮೀಡಿಯಾದಿಂದ ಆ ರೈತರಿಗೆ ಏನೂ ಆಗಲಿಲ್ಲ ಅಂದ್ರೆ ತಪ್ಪಾಗುತ್ತೆ. 2025ರ ಜೂನ್ 25ರ 'ದೇವನಹಳ್ಳಿ ಚಲೋ' ದಿನ ಪೊಲೀಸರು ಹೋರಾಟಗಾರರನ್ನು ವಶಕ್ಕೆ ತಗೊಂಡ ವಿಡಿಯೋಗಳು ಫೋನಿಂದ ಫೋನಿಗೆ ಹೋದವು. ಪ್ರಕಾಶ್ ರಾಜ್ ಅಂಥವರು ಜೊತೆಗೆ ನಿಂತದ್ದರಿಂದ ಬೆಂಗಳೂರಿನ ಟೈಮ್‌ಲೈನುಗಳಿಗೂ ಚನ್ನರಾಯಪಟ್ಟಣ ಅನ್ನೋ ಹೆಸರು ಬಂತು. (ಹಾಸನದ ಚನ್ನರಾಯಪಟ್ಟಣ ಅಲ್ಲ ಅಂತ ಕಾಮೆಂಟಿನಲ್ಲಿ ಎಷ್ಟು ಸಲ ಬರೀಬೇಕಾಯ್ತೋ.) ಜುಲೈ 4ಕ್ಕೆ ಮುಖ್ಯಮಂತ್ರಿಗಳ ಜೊತೆ ಮಾತುಕತೆ, 15ಕ್ಕೆ ಘೋಷಣೆ. ಅಂದ್ರೆ ಕೊನೇ ಮೂರು ವಾರಕ್ಕೆ ಮೀಡಿಯಾ ಇತ್ತು. ಅದಕ್ಕೆ ಮುಂಚಿನ ಮೂರು ವರ್ಷಕ್ಕೂ ಮೀರಿದ ಕಾಲಕ್ಕೆ ಶಾಮಿಯಾನ ಇತ್ತು.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಎರಡು ತಿಂಗಳ ನಂತರ, ಸೆಪ್ಟೆಂಬರಿನಲ್ಲಿ, ಬ್ಲ್ಯಾಕ್‌ಬಕ್ ಕಂಪನಿಯ ಮುಖ್ಯಸ್ಥ ರಾಜೇಶ್ ಯಬಾಜಿ ಬೆಳ್ಳಂದೂರಿನ ಹೊರವರ್ತುಲ ರಸ್ತೆಯಿಂದ ಜಾಗ ಖಾಲಿ ಮಾಡ್ತೀವಿ, ಗುಂಡಿ, ಧೂಳು, ಆಫೀಸಿಗೆ ಬರೋಕೆ ಒಂದೂವರೆ ಗಂಟೆ ಅಂತ ಬರೆದರು. ಲೋಕೇಶ್ ಅಲ್ಲಿಗೂ ಬಂದರು, ಈ ಸಲ ವಿಶಾಖಪಟ್ಟಣಕ್ಕೆ ಕರೆಯುತ್ತಾ. ಉಪಮುಖ್ಯಮಂತ್ರಿಗಳು ಮಾತಾಡಿದರು, ವಿರೋಧ ಪಕ್ಷದವರು ಮಾತಾಡಿದರು, ಗುಂಡಿ ಮುಚ್ಚೋಕೆ ಗಡುವು ಬಂತು. ಬೆಂಗಳೂರು ಬಿಡ್ತಿಲ್ಲ, ಆ ಜಾಗ ಮಾತ್ರ ಬಿಡ್ತಿದ್ದೀವಿ ಅಂತ ಕಂಪನಿ ಆಮೇಲೆ ವಿವರಣೆ ಕೊಟ್ಟಿತು. ದಿನಾ ಅದೇ ರಸ್ತೆಯಲ್ಲಿ ಬೆನ್ನು ಮುರ್ಕೊಳ್ಳೋ ನಮಗೆ ಆ ಪೋಸ್ಟು ತಪ್ಪು ಅನಿಸೋದು ಸಾಧ್ಯವೇ ಇಲ್ಲ. ನಮ್ಮ ಕೆಲಸದಲ್ಲಿ ಎಸ್‌ಎಲ್‌ಎ ಅಂತ ಒಂದಿದೆ, ದೂರು ಬಂದ ಎಷ್ಟು ಹೊತ್ತಿನೊಳಗೆ ಉತ್ತರ ಕೊಡಬೇಕು ಅನ್ನೋ ಕರಾರು. ಬೆಳ್ಳಂದೂರಿನ ಟಿಕೆಟ್ಟಿಗೆ ಗಂಟೆಗಳ ಲೆಕ್ಕ, ಚನ್ನರಾಯಪಟ್ಟಣದ ಟಿಕೆಟ್ಟಿಗೆ 1,198 ದಿನ. ಸರ್ಕಾರ ಒಂದೇ.

ಅದೇ 2025ರ ಜುಲೈನಲ್ಲಿ ಇನ್ನೊಂದು ಕಾಪಿರೈಟಿಂಗ್ ಕೆಲಸವೂ ನಡೆಯಿತು. ಜುಲೈ 2ರಂದು ನಂದಿ ಬೆಟ್ಟದಲ್ಲಿ ನಡೆದ ಸಂಪುಟ ಸಭೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ 'ಬೆಂಗಳೂರು ಉತ್ತರ' ಅಂತ ಹೆಸರಿಡೋ ತೀರ್ಮಾನ ಮಾಡಿತು. ಮೇ ತಿಂಗಳಲ್ಲಿ ರಾಮನಗರ 'ಬೆಂಗಳೂರು ದಕ್ಷಿಣ' ಆಗಿತ್ತಲ್ಲ, ಅದೇ ಜಾಡು. ಬೆಂಗಳೂರು ಅನ್ನೋ ಹೆಸರಿಗೆ ಹೂಡಿಕೆ ಬರುತ್ತೆ, ಭೂಮಿಗೆ ಬೆಲೆ ಬರುತ್ತೆ ಅನ್ನೋದು ವಾದ. 1986ರಿಂದ ನಮ್ಮ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಪಹಣಿ ಎಲ್ಲದರ ಮೇಲೂ ಇದ್ದ 'ಗ್ರಾಮಾಂತರ' ಅನ್ನೋ ಪದ ಹೂಡಿಕೆದಾರರ ಸ್ಲೈಡಿಗೆ ಹೊಂದಲ್ಲ ಅಂತ ಯಾರಿಗೋ ಅನಿಸಿರಬೇಕು. ನನಗೇನೋ ಆ ಪದ ಇಷ್ಟ. ಇಂಟರ್ವ್ಯೂಗಳಲ್ಲಿ 'ರೂರಲ್ಲಾ?' ಅಂತ ಹುಬ್ಬೇರಿಸಿದವರನ್ನೂ ಸೇರಿಸಿಯೇ ಇಷ್ಟ. 'ಉತ್ತರ' ಅಂದ್ರೆ ಒಂದು ದಿಕ್ಕು ಮಾತ್ರ, ನಿಂತವನು ಬೆಂಗಳೂರಿನಲ್ಲಿದ್ದರೆ.

ಇಂಥವನ್ನು ಬರೆಯೋ ಗೆಳೆಯರಿಗೆ ನಾನು ಹೇಳೋದು ಒಂದೇ, ಅದೂ ಕಸುಬಿನ ಮಾತು. ಪೋಸ್ಟ್ ಹಾಕೋಕೆ ಮುಂಚೆ ಲೀಗಲ್ ಟೀಮಿಗೆ ಕಳಿಸ್ತೀರಲ್ಲ, ಯಾಕೆ? ಅವರು ತಿರುಗಿ ಕೇಳ್ತಾರೆ ಅಂತ. ಅವರು ಕೇಳಿದಮೇಲೆ 'ಸೃಷ್ಟಿಯಾಗುತ್ತದೆ' ಅನ್ನೋದು 'ಸೃಷ್ಟಿಯಾಗುವ ನಿರೀಕ್ಷೆ ಇದೆ' ಆಗುತ್ತೆ. ಹಾಗೇ ಒಂದು ಸಲ ಅದನ್ನು ಕನ್ನಡ ಮಾಡಿ, ಆ ಜಾಗದ ಸರ್ವೆ ನಂಬರು ಗೊತ್ತಿರೋ ಒಬ್ಬರಿಗೆ ಓದಿ. 'ಲ್ಯಾಂಡ್ ಪಾರ್ಸೆಲ್' ಅನ್ನೋದನ್ನು ಕನ್ನಡಕ್ಕೆ ತರೋಕೆ ಹೋಗಿ, ಪಾರ್ಸೆಲ್ ಅಂದ್ರೆ ನಮ್ಮ ಜನಕ್ಕೆ ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟ ಇಡ್ಲಿ. ಆಗ ಬೇರೆ ಪದ ಹುಡುಕಬೇಕಾಗುತ್ತೆ, ಹುಡುಕಿದರೆ 'ಯಾರ' ಅನ್ನೋ ಷಷ್ಠಿ ವಿಭಕ್ತಿ ಜೊತೆಗೇ ಬಂದು ಕೂರುತ್ತೆ. ಯಾರ ಹೊಲ, ಯಾರ ತೋಟ, ಯಾರ ಗೋಮಾಳ.

ಆ 8,000 ಎಕರೆಯದ್ದೂ ಅದೇ ಕತೆ. 'ಬೆಂಗಳೂರಿನ ಹೊರಗೇ' ಅಂದ್ರೆ ಎಲ್ಲಿ? ದೊಡ್ಡಬಳ್ಳಾಪುರದಲ್ಲಿ ರೈಲು ಹತ್ತಿ ಗೌರಿಬಿದನೂರು ದಾಟಿದರೆ ಹಿಂದೂಪುರ, ಬೆಂಗಳೂರಿನಿಂದ ನೂರು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಮಡಕಶಿರಾ, ಆಂಧ್ರದ ನಕ್ಷೆಯೊಳಗೆ ಮನೆಮನೆಯಲ್ಲೂ ಕನ್ನಡ ಆಡೋ ಹಳ್ಳಿಗಳು. ನಾವು ಪಹಣಿ ಅನ್ನೋದನ್ನು ಅಲ್ಲಿ ಅಡಂಗಲ್ ಅಂತಾರೆ, ಅದರಲ್ಲೂ ಹೆಸರಿನ ಕಾಲಮ್ಮು ಇರುತ್ತೆ. ನಮ್ಮ ದೊಡ್ಡಮ್ಮನ ಮಗಳನ್ನು ಆ ಕಡೆಗೆ ಕೊಟ್ಟಿದ್ದಾರೆ. ಈ ಪೋಸ್ಟಿನ ಸುದ್ದಿ ಟಿವಿಯಲ್ಲಿ ಬಂದ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಮಕ್ಕಳ ಸ್ಕೂಲು, ಕಡಲೆಕಾಯಿ ರೇಟು, ಬಾರದ ಮಳೆ ಎಲ್ಲ ಆದಮೇಲೆ ಕೇಳಿದಳು: 'ಅದೇನೋ ಬೆಂಗ್ಳೂರ್ ಪಕ್ಕದ ಭೂಮಿ ರೆಡಿ ಐತೆ ಅಂತ ಹೇಳವ್ರಂತಲ್ಲೋ, ಅದು ನಮ್ ಕಡೇದಾ?'